ಬಲಗಣ್ಣಿನ ಕೆಂಪು

ಹೈದರಾಬಾದ್
6 ಜೂನ್ 2024

ಗುಲ್ಲೂ,

ಹೊಳೆಯಿತು! ಮೊದಲು ನಿನಗೇ ಹೇಳುತ್ತಿದ್ದೇನೆ. ನಮ್ಮಪ್ಪನಿಗೂ ಇನ್ನೂ ಹೇಳಿಲ್ಲ. ಹೇಳಿದರೆ ಸಾಲಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, "ನಮ್ಮ ಪೂನಮ್‌ಂದು ನೌಕರಿ ಪರ್ಮನೆಂಟ್ ಆತ್ರಿ" ಎಂದು ಸಾರಿಬಿಡುತ್ತಾನೆ. ಅವನಿಗೆ ಸಿಹಿ ಸುದ್ದಿ ಎಂದರೆ ಅದೊಂದೇ.

ನನ್ನ ಸಂಶೋಧನೆಯ ಬಗ್ಗೆ ದೀಪಾವಳಿಗೆ ಬಂದಾಗ ಹೇಳಿದ್ದೆ, ನೀನು ಶಂಕರಪೋಳಿ ತಿನ್ನುತ್ತ ತಲೆಯಾಡಿಸಿದ್ದೆ. ಮತ್ತೊಮ್ಮೆ ಹೇಳುತ್ತೇನೆ, ಈ ಸಲ ಬಾಯಲ್ಲಿ ಏನೂ ಇಟ್ಟುಕೊಳ್ಳಬೇಡ. ನಮ್ಮ ಮೈಯನ್ನು ಕಾಯಬೇಕಾದ ಕಾವಲು ಪಡೆಯೇ ದಾರಿ ತಪ್ಪಿ ನರಗಳ ಹೊದಿಕೆಯನ್ನು ಕಡಿಯುವ ಕಾಯಿಲೆ ಒಂದಿದೆ, ಎಂಎಸ್ ಅಂತ. ಅದಕ್ಕೊಬ್ಬಳು ತಂಗಿ ಇದ್ದಾಳೆ, ಎನ್‌ಎಂಓ. ಇವಳಲ್ಲಿ ರಕ್ತದ ಪ್ರತಿಕಾಯಗಳು ಮಿದುಳು, ನರಗಳ ಜೀವಕೋಶಗಳ ಮೇಲಿನ ನೀರಿನ ಬಾಗಿಲುಗಳನ್ನೇ ಹುಡುಕಿಕೊಂಡು ಹೋಗಿ ಹೊಡೆಯುತ್ತವೆ. ಹೊರಗಿನಿಂದ ಇಬ್ಬರೂ ಒಂದೇ ಮುಖ. ಆದರೆ ಅಕ್ಕನಿಗೆ ಕೊಡುವ ಕೆಲವು ಔಷಧ ತಂಗಿಗೆ ಕೊಟ್ಟರೆ ರೋಗ ಕೆರಳುತ್ತದೆ. ಯಾರು ಯಾರೆಂದು ಮೊದಲೇ ತಿಳಿಯಬೇಕು. ಈಗ ಆಸ್ಪತ್ರೆಗಳಲ್ಲಿರುವ ಹಳೆಯ ಪರೀಕ್ಷೆ ಕೆಲವರಲ್ಲಿ ತಂಗಿಯನ್ನು ಹಿಡಿಯುವುದೇ ಇಲ್ಲ. ನಮ್ಮ ಲ್ಯಾಬಿನದು ಹೊಸ ಪರೀಕ್ಷೆ.

ಮಾಡುವುದೇನು ಗೊತ್ತೇ? ಜೀವಂತ ಜೀವಕೋಶಗಳಿಗೆ ಆ ನೀರಿನ ಬಾಗಿಲುಗಳನ್ನು ಕೂಡಿಸುತ್ತೇವೆ. ರೋಗಿಯ ರಕ್ತದ ತಿಳಿ ಹಾಕುತ್ತೇವೆ. ಮೇಲೆ ಹಸಿರು ಬಣ್ಣ. ಪ್ರತಿಕಾಯ ಇದ್ದರೆ ಬಣ್ಣ ಹಿಡಿಯುತ್ತದೆ, ಇಲ್ಲದಿದ್ದರೆ ತೊಳೆದುಹೋಗುತ್ತದೆ. ಕಳೆದ ವರ್ಷವಿಡೀ ತೊಳೆದುಹೋಗಿದ್ದೇ ಹೆಚ್ಚು. ಇವತ್ತು ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಪ್ರತಿ ಜೀವಕೋಶಕ್ಕೂ ಹಸಿರು ಬಳೆ! ಕುರ್ಚಿಯಿಂದ ಎದ್ದು ಕುಣಿದೆ. ಇಷ್ಟು ಓದಿ ಕೊನೆಗೆ ನಾನು ನಿಮ್ಮ ಮನೆಯ ಬಣ್ಣ ಹಾಕುವ ಕಸುಬೇ ಮಾಡುತ್ತಿದ್ದೇನೆ ನೋಡು.

ಫೋನು ಮಾಡಬಹುದಿತ್ತು. ಆದರೆ ನೀನು ಫೋನು ಎತ್ತಿದರೆ ಓಣಿಯೇ ಕಿವಿಗೊಡುತ್ತದೆ, ನೀನು "ಹೂಂ, ಆತು, ಇಡ್ಲೇನು" ಎನ್ನುತ್ತೀಯ. ಸಾಲಿಯಲ್ಲಿ ಯಶೋಧಾ ಟೀಚರ್ ಕಲಿಸಿದ ಪತ್ರವೇ ಲೇಸು.

ಕುಣಿಯುತ್ತಲೇ ಇರುವ,
ಪೂನಿ


ರಾಮದುರ್ಗ
18 ಜೂನ್ 2024

ಪೂನಿ,

ಭಲೆ ಭಲೆ! ರೋಗದ ಪಾಠವನ್ನು ಅರ್ಧಕ್ಕೆ ಬಿಟ್ಟೆ, ಸಿಟ್ಟಾಗಬೇಡ. ಬಣ್ಣ ಹಿಡಿಯಿತು ಅನ್ನುವ ಮಾತು ಮಾತ್ರ ಚೆನ್ನಾಗಿ ತಿಳಿಯಿತು, ನಾನೂ ಇಲ್ಲಿ ಒಂದು ಸುತ್ತು ಕುಣಿದೆ.

ನನ್ನ ಸುದ್ದಿ ನಿನ್ನದಕ್ಕಿಂತ ದೊಡ್ಡದು. ಅಬ್ಬಾ ಬಣ್ಣದ ಹಂಡೆಯನ್ನು ನನ್ನ ಕೈಗೆ ಕೊಟ್ಟ. ಸಾಜಿದ್‌ಗೆ ಅಲ್ಲ, ನನಗೆ! ನೇಕಾರರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು, ಅವರ ಎದುರಿಗೇ ಹೇಳಿದ. "ಹಂಡೇದ ಮುಂದ ಗಂಡಸು ಹೆಂಗಸು ಅಂತ ಇಲ್ರಿ. ಕಣ್ಣು ಅಂತ ಒಂದೈತಿ. ಅದು ನಮ್ಮ ಗುಲಫಶಾಗ ಐತಿ." ಸಾಜಿದ್ ಮುಖ ಊದಿಸಿಕೊಂಡು ಟೆಂಪೋ ಹತ್ತಿ ಬೈಲಹೊಂಗಲಕ್ಕೆ ಹೋದವನು ಎರಡು ದಿನ ಬರಲಿಲ್ಲ. ತಮ್ಮ ಅಂತ ಪಾಪ ಎನ್ನಿಸಿತು, ಆದರೆ ಖುಷಿ ಅದಕ್ಕಿಂತ ಜಾಸ್ತಿ ಇತ್ತು.

ಈಗ ನಾನೂ ಅಬ್ಬಾನಂತೆ ಒದ್ದೆ ನೂಲಿನ ಲಡಿ ಹಿಂಡಿ, ಬಿಸಿಲಿಗೆ ಹಿಡಿದು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುತ್ತೇನೆ. ನಮ್ಮಲ್ಲಿ ಅಜ್ಜನ ಕಾಲದಿಂದ ಹಾಗೆಯೇ. ಎರಡೂ ಕಣ್ಣು ತೆರೆದರೆ ಬಣ್ಣ ಮೋಸ ಮಾಡುತ್ತದಂತೆ.

ಒಂದೇ ಕಾಟ, ಬಿಕ್ಕಳಿಕೆ. ಎರಡು ವಾರದಿಂದ ಬಿಟ್ಟಿಲ್ಲ. ಉಂಡದ್ದೂ ಒಮ್ಮೊಮ್ಮೆ ಹೊರಗೆ ಬರುತ್ತದೆ. ಹಂಡೆಯ ಉಗಿ ಕುಡಿದು ಹೀಗಾಗಿದೆ ಎಂದು ಅಬ್ಬಾ ಬೆಲ್ಲ ತಿನ್ನಿಸುತ್ತಾನೆ. ಓಣಿಯ ಹೆಂಗಸರು, "ಆಸೀಮ ಲಾರಿ ನಡಸೂದ ಬಿಟ್ಟು ನಿನ್ನನ್ನ ನೆನಸಾಕ ಹತ್ಯಾನೇನ?" ಎಂದು ನಗುತ್ತಾರೆ. ನನ್ನ ಗಂಡ ಅಷ್ಟು ನೆನೆಸುವ ಗಿರಾಕಿ ಅಲ್ಲ. ಇದು ನಿನ್ನದೇ ಕೆಲಸ. ಸ್ವಲ್ಪ ಕಡಿಮೆ ನೆನೆಸು ಮಾರಾಯ್ತಿ.

ಹಂಡೆಯ ಒಡತಿ,
ಗುಲಫಶಾ


ಹೈದರಾಬಾದ್
27 ಜೂನ್ 2024

ಗುಲ್ಲೂ,

ಒಪ್ಪಿಕೊಂಡೆ, ನಾನೇ. ಹಸಿರು ಬಳೆ ಕಂಡಾಗಲೆಲ್ಲ ನೆನೆಸುತ್ತೇನೆ, ನಿನಗೆ ಬಿಕ್ಕಳಿಕೆ ಬರದೆ ಇನ್ನೇನು? ನೀರು ಕುಡಿ, ನನ್ನ ಹೆಸರು ಹೇಳು, ನಿಲ್ಲುತ್ತದೆ.

ಚಾಚಾಗೆ ನನ್ನ ಸಲಾಮು ಹೇಳು. ಎಂಥ ಮಾತು ಆಡಿದ್ದಾನೆ! ಇಲ್ಲಿ ಕೆಲಸ ಮೈಮೇಲೆ ಬಿದ್ದಿದೆ. ಹಳೆಯ ಪರೀಕ್ಷೆಯಲ್ಲಿ "ಇಲ್ಲ" ಎಂದು ಬಂದವರ ರಕ್ತವನ್ನು ಬೇರೆ ಬೇರೆ ಆಸ್ಪತ್ರೆಗಳಿಂದ ತರಿಸಿ ನಮ್ಮ ಪರೀಕ್ಷೆಗೆ ಒಡ್ಡಬೇಕು. ಅದಕ್ಕೇ ಗಿಡ್ಡ ಪತ್ರ.

ಪೂನಿ


ರಾಮದುರ್ಗ
3 ಸೆಪ್ಟೆಂಬರ್ 2024

ಪೂನಿ,

ಬಹಳ ದಿನ ಬರೆಯಲಿಲ್ಲ. ಬರೆಯುವ ಮನಸ್ಸಿರಲಿಲ್ಲ. ಬಿಕ್ಕಳಿಕೆ ತಾನೇ ನಿಂತಿತು, ನೀನು ಮರೆತಿರಬೇಕು. ಅದು ಹೋಯಿತು, ಇದು ಬಂತು. ಬಣ್ಣದ ಪುಡಿಯಲ್ಲಿ ಕಲಬೆರಕೆ!

ಕಿತ್ತೂರು ಉತ್ಸವದ ಮೆರವಣಿಗೆಯಲ್ಲಿ ನಡೆಯುವ ಹೆಂಗಸರ ಸಂಘದವರು ಕೆಂಪು ದಡಿಯ ಸೀರೆ ಕೇಳಿದ್ದಾರೆ. ನೇಯುವವಳು ಪದ್ಮವ್ವ, ನೂಲಿಗೆ ಬಣ್ಣ ನನ್ನದು. ನನ್ನ ಹೆಸರಿನಲ್ಲಿ ಬಂದ ಮೊದಲ ದೊಡ್ಡ ಕೆಲಸ. ಪುಡಿ ಹಾಕಿದೆ, ಲಡಿ ತೆಗೆದು ನೋಡಿದೆ, ಇಟ್ಟಂಗಿ ಪುಡಿ ಸವರಿದ ಹಾಗಿತ್ತು. ಇನ್ನಷ್ಟು ಪುಡಿ ಹಾಕಿದೆ. ಮತ್ತೂ ಹಾಕಿದೆ. ಸಾಕೆನ್ನಿಸಿದ ಮೇಲೆ ಕಳಿಸಿದರೆ ಪದ್ಮವ್ವ ಹೊತ್ತುಕೊಂಡು ತಿರುಗಿ ಬಂದಳು. "ಏನವಾ, ಕೆಂಪು ಕೇಳಿದ್ರ ಕರಿ ನೂಲು ಕೊಟ್ಟೀಯಲ್ಲ? ಇದನ್ನ ಉಟಗೊಂಡು ಹೆಂಗಸರು ಮೆರವಣಿಗಿಗೆ ಹೋಗಬೇಕೋ, ಮಣ್ಣಿಗೆ ಹೋಗಬೇಕೋ?"

ಅಂಗಡಿಗೆ ಹೋಗಿ ಜಗಳ ಮಾಡಿ ಬಂದೆ. ಸಾಜಿದ್ ಹಲ್ಲು ಕಿರಿದು, "ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದ್ಲಂತ" ಎಂದ. ಕೈಯಲ್ಲಿದ್ದ ಒದ್ದೆ ಲಡಿಯಿಂದಲೇ ಬೀಸಿದೆ. ಆ ಅಂಗಿ ಇನ್ನು ಯಾವ ಬಣ್ಣಕ್ಕೂ ಬರುವುದಿಲ್ಲ.

ಸೋಜಿಗ ಕೇಳು. ಅಬ್ಬಾನ ಮಾದರಿ ಲಡಿ ಇದೆಯಲ್ಲ, ಟ್ರಂಕಿನೊಳಗೆ ಡಬ್ಬಿಯಲ್ಲಿಟ್ಟದ್ದು, ನಾವು ಸಾಲಿಗೆ ಹೋಗುವ ಕಾಲದ್ದು? ಹೊಂದಿಸಿ ನೋಡೋಣ ಎಂದು ತೆಗೆದರೆ ಅದೂ ಮಾಸಿದೆ! ಬಿಸಿಲು ಕಾಣದ ನೂಲು ಇದೇ ಮಳೆಗಾಲದಲ್ಲಿ ಮಾಸಬೇಕೇ? ಈ ವರ್ಷ ಹವೆಯೇ ಸರಿ ಇಲ್ಲ. ಇನ್ನು ನೆನಪಿನ ಮೇಲೇ ಬಣ್ಣ ಕಟ್ಟುತ್ತೇನೆ. ಹೊಗೆಗೆ ಕಣ್ಣು ಬೇರೆ ಉರಿ, ಹೊರಳಿಸಿದರೆ ಒಳಗೆ ನೋವು.

ನೀನು ಬಣ್ಣ ಎಲ್ಲಿಂದ ತರಿಸುತ್ತೀ? ಒಳ್ಳೆಯ ಅಂಗಡಿ ಇದ್ದರೆ ತಿಳಿಸು.

ಗುಲಫಶಾ


ಹೈದರಾಬಾದ್
8 ಸೆಪ್ಟೆಂಬರ್ 2024

ಗುಲ್ಲೂ,

ನಿನ್ನೆಯಿಂದ ಫೋನು ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ನನ್ನ ಮೇಲೆಯೂ ಸಿಟ್ಟೇ? ಇದನ್ನು ಅಪ್ಪನ ಮೊಬೈಲಿಗೆ ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅವನು ದೊಡ್ಡದಾಗಿ ಪ್ರಿಂಟು ತೆಗೆಸಿ ನಿನ್ನ ಕೈಗೇ ಕೊಡುತ್ತಾನೆ. ಓದಿದ ಕೂಡಲೇ ಹೇಳಿದ್ದು ಮಾಡು.

ಚಾಚಾನ ಮಾದರಿ ಲಡಿ ತೆಗೆದುಕೊಂಡು ಅಂಗಳಕ್ಕೆ ಬಾ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡು. ನಿಮ್ಮ ಮನೆಯಲ್ಲಿ ಯಾರೂ ಎಡಗಣ್ಣಿನಿಂದ ನೋಡಿರುವುದಿಲ್ಲ, ನೀನು ನೋಡು.

ಹೊಸ ನೂಲು ಮಾಸಿದರೆ ಪುಡಿಯದು ತಪ್ಪು. ಹಳೆಯ ನೂಲು ಮಾಸಿದರೆ ಡಬ್ಬಿಯದು ತಪ್ಪು. ಎರಡೂ ಒಂದೇ ಮಳೆಗಾಲದಲ್ಲಿ ಮಾಸಿದರೆ ತಪ್ಪು ನೂಲಿನದಲ್ಲ ಗುಲ್ಲೂ. ಕಣ್ಣಿನ ನರ ಊದಿಕೊಂಡಾಗ ಮೊದಲು ಮಂಕಾಗುವುದು ಕೆಂಪೇ. ಕಣ್ಣು ಹೊರಳಿಸಿದರೆ ನೋವು ಎಂದೂ ಬರೆದಿದ್ದೀಯ.

ಬಿಕ್ಕಳಿಕೆಗೆ ನಾನು ನಕ್ಕೆನಲ್ಲ, ಅದನ್ನು ಹೇಗೆ ಹೇಳಲಿ? ನಾನು ಓದುವ ಪುಸ್ತಕಗಳಲ್ಲೇ ಇದೆ. ವಾರಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ, ಆಮೇಲೆ ಕಣ್ಣು. ಎನ್‌ಎಂಓ ಹೀಗೂ ಶುರುವಾಗುತ್ತದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ನನ್ನಂಥವರಿಗೇ. ನಾನು ತಪ್ಪಿರಬಹುದು, ತಪ್ಪಿರಲಿ. ಆದರೆ ನರರೋಗದ ಡಾಕ್ಟರಿಗೆ ಈ ವಾರವೇ ತೋರಿಸು. ತಡವಾದಷ್ಟೂ ಹೋದ ಕಣ್ಣು ತಿರುಗಿ ಬರುವುದು ಕಷ್ಟ.

ಪೂನಿ


ರಾಮದುರ್ಗ
9 ಸೆಪ್ಟೆಂಬರ್ 2024

ಪೂನಿ,

ನಿಮ್ಮಪ್ಪ, ಸತ್ಯಪ್ಪ ಕಾಕಾ, ನಿನ್ನ ಪತ್ರ ಕೊಟ್ಟು ಕಟ್ಟೆಯ ಮೇಲೆ ಅಬ್ಬಾನ ಜೊತೆ ಚಹಾ ಕುಡಿಯುತ್ತಿದ್ದಾರೆ. ಅವರು ಏಳುವುದರೊಳಗೆ ಬರೆದು ಕೊಡುತ್ತೇನೆ.

ನೋಡಿದೆ. ಎಡಗಣ್ಣಿಗೆ ಕೆಂಪು. ಥೇಟ್ ಅದೇ ಕೆಂಪು, ಬಾಯಲ್ಲಿ ನೀರೂರುವ ಹಾಗೆ. ಬಲಗಣ್ಣಿಗೆ ಇಟ್ಟಂಗಿ ಪುಡಿ. ನಡುವೆ ಹೊಗೆ ತುಂಬಿದ ಹಾಗೆ ಒಂದು ಮಚ್ಚೆ. ತಿರುಗಿಸಿ ತಿರುಗಿಸಿ ನೋಡಿದೆ. ಅಂಗಡಿಯವನಿಗೆ ಅಷ್ಟು ಬೈದೆನಲ್ಲ, ಪಾಪ.

ಹೆದರಿಕೆಯಾಗಿದೆ. ನಿನ್ನ ಹತ್ತಿರ ಸುಳ್ಳು ಯಾಕೆ? ಆದರೆ ಅಬ್ಬಾಗೆ ಹೇಳಬೇಡ, ಕಾಕಾನ ಕಡೆಯಿಂದಲೂ ಹೇಳಿಸಬೇಡ. ಕಣ್ಣಿದೆ ಎಂದು ಹಂಡೆ ಕೊಟ್ಟವನು, ಕಣ್ಣಿಲ್ಲದವಳ ಕೈಯಲ್ಲಿ ಬಿಡುತ್ತಾನೆಯೇ? ಉತ್ಸವ ಮುಗಿಯಲಿ, ತೋರಿಸುತ್ತೇನೆ. ಅಲ್ಲಿಯವರೆಗೆ ಎಡಗಣ್ಣಿನಿಂದ ಕದ್ದು ನೋಡಿ ನಿಭಾಯಿಸುತ್ತೇನೆ. ಆಣೆ ಇದೆ.

ಗು.


ಹುಬ್ಬಳ್ಳಿ, ಆಸ್ಪತ್ರೆಯಿಂದ
20 ಸೆಪ್ಟೆಂಬರ್ 2024

ಚಾಡಿಕೋರಳೇ,

ಹೇಳಬೇಡ ಎಂದಿದ್ದೆ, ಹೇಳಿಬಿಟ್ಟೆ. ಆಣೆಗೂ ಬೆಲೆ ಇಲ್ಲ. ನಿಮ್ಮಪ್ಪ ಮರುದಿನ ಅಬ್ಬಾನ ಹತ್ತಿರ ಬಂದು, "ಗೌಸಸಾಬ್ರ, ಸಿಟ್ಟಿಗಿ ಬರಬ್ಯಾಡ್ರಿ, ಹುಡುಗಿ ಕಣ್ಣಿನ ಮಾತೈತ್ರಿ" ಎಂದು ಶುರು ಮಾಡಿ ಎಲ್ಲ ಹೇಳಿದರು. ನಾನು ಗೋಡೆ ಹಿಡಿದು ನಿಂತಿದ್ದೆ. ಅಬ್ಬಾ ಹಂಡೆಯ ಕೆಳಗಿನ ಬೆಂಕಿಗೆ ನೀರು ಹೊಯ್ದ. ಮುಗಿಯಿತು, ಕಸಿದುಕೊಂಡ ಎಂದುಕೊಂಡೆ. ಕೈ ತೊಳೆದುಕೊಂಡು ಬಂದು, "ಹಂಡೆ ಎಲ್ಲಿ ಓಡಿ ಹೋಗಾಂಗಿಲ್ಲ. ನಡಿ ಬೇಟಾ" ಎಂದ. ಅಲ್ಲಿಯೇ ಕುಳಿತು ಅತ್ತೆ. ಸಾಜಿದ್ ಟೆಂಪೋದಲ್ಲಿ ಹಾಸಿಗೆ ಹಾಕಿ, ಗುಂಡಿ ಗುಂಡಿಗೂ ನಿಧಾನ ಮಾಡುತ್ತ ಕರೆತಂದ. ದಾರಿಯುದ್ದಕ್ಕೂ ಕುಣಿತದ ಮಾತೂ ಇಲ್ಲ, ಡೊಂಕಿನ ಮಾತೂ ಇಲ್ಲ.

ಇಲ್ಲಿನ ಡಾಕ್ಟರು ಭಾಗ್ಯಾ ಮೇಡಂ ಒಳ್ಳೆಯವರು. ನರಗಳ ಫೋಟೋ ತೆಗೆದರು, ಐದು ದಿನ ಸ್ಟಿರಾಯ್ಡ್ ಸಲೈನು ಹಚ್ಚಿದರು. ಮಚ್ಚೆ ಕೊಂಚ ತಿಳಿಯಾಗಿದೆ. ಎರಡೂ ಪಾದ ಜುಮ್ಮೆನ್ನುತ್ತವೆ, ಅದನ್ನು ನಿನಗೆ ಬರೆದಿರಲಿಲ್ಲ.

ಸಿಹಿ ಸುದ್ದಿ ಕೊನೆಗೆ ಇಟ್ಟಿದ್ದೇನೆ. ನಿನ್ನ ಎನ್‌ಎಂಓ ಅಲ್ಲವಂತೆ! ರಕ್ತದ ಪರೀಕ್ಷೆಯಲ್ಲಿ "ಇಲ್ಲ" ಎಂದು ಬಂತು. ಎಂಎಸ್ ಇರಬೇಕಂತೆ. ಮುಂದಿನ ತಿಂಗಳು ಅದರ ಸೂಜಿ ಶುರು, ಮನೆಯಲ್ಲೇ ಚುಚ್ಚಿಕೊಳ್ಳಬಹುದಂತೆ. ಅಕ್ಕ ಬಂದಿದ್ದಾಳೆ, ತಂಗಿ ಅಲ್ಲ. ಈಗಲಾದರೂ ನಿದ್ದೆ ಮಾಡು.

ಸಿಟ್ಟು ಇಳಿದಿಲ್ಲ. ಆದರೂ ನಿನ್ನವಳೇ,
ಗುಲಫಶಾ


ಹೈದರಾಬಾದ್
24 ಸೆಪ್ಟೆಂಬರ್ 2024

ಗುಲ್ಲೂ,

ಬೈಯುವುದಿದ್ದರೆ ಜೀವನವಿಡೀ ಬೈ, ಎರಡೂ ಕಣ್ಣು ತೆರೆದು ಬೈ.

ಒಂದೇ ಒಂದು ಪ್ರಶ್ನೆ. ಭಾಗ್ಯಾ ಮೇಡಂಗೆ ಬಿಕ್ಕಳಿಕೆಯ ವಿಷಯ ಹೇಳಿದೆಯಾ? ಹೇಳಿರುವುದಿಲ್ಲ ಎಂದು ಪಣ ಕಟ್ಟುತ್ತೇನೆ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿದರು ಎಂದು ನೀರು ಕುಡಿಯುವ ಊರು ನಮ್ಮದು. ಅದನ್ನು ಡಾಕ್ಟರ ಮುಂದೆ ಯಾರು ಹೇಳುತ್ತಾರೆ? ಈಗಲೇ ಹೋಗಿ ಹೇಳು. ಎಷ್ಟು ವಾರ ಬಂತು, ಏನೇನು ವಾಂತಿಯಾಯಿತು, ಎಲ್ಲ.

ನಾನು ಡಾಕ್ಟರಲ್ಲ. ಸೂಜಿ ಬೇಡ ಎನ್ನುವ ಹಕ್ಕು ನನಗಿಲ್ಲ. ಆದರೆ ನಿನಗೆ ಮಾಡಿದ್ದು ಹಳೆಯ ಪರೀಕ್ಷೆ, ಅದರ "ಇಲ್ಲ" ಎಲ್ಲ ಸಲವೂ ಇಲ್ಲವಲ್ಲ. ತಂಗಿಯೇ ಆಗಿದ್ದು ಅಕ್ಕನ ಸೂಜಿ ಚುಚ್ಚಿದರೆ ಉಳಿದ ಕಣ್ಣಿಗೂ ಕುತ್ತು ಬರಬಹುದು. ಇದನ್ನೇ ನಮ್ಮ ಪ್ರೊಫೆಸರು ನಿಮ್ಮ ಮೇಡಂಗೆ ಬರೆದಿದ್ದಾರೆ. ನೀನು ಒಪ್ಪಿ ಸಹಿ ಮಾಡಿದರೆ ನಿನ್ನ ರಕ್ತದ ತಿಳಿ ನಮ್ಮ ಲ್ಯಾಬಿಗೆ ಬರುತ್ತದೆ. ಬಂದರೂ ಅದು ನಿನ್ನದೆಂದು ನನಗೆ ತಿಳಿಯುವುದಿಲ್ಲ. ಶೀಶೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಪರೀಕ್ಷೆ ಮಾಡುವವರು ಹೆಸರು ನೋಡಬಾರದು ಎಂಬುದು ನಮ್ಮ ಕಟ್ಟುನಿಟ್ಟು. ನೋಡಿದರೆ ಆಸೆ ಕಣ್ಣಿಗೆ ಬರುತ್ತದೆ, ಇಲ್ಲದ ಬಣ್ಣವೂ ಕಾಣುತ್ತದೆ.

ಎರಡೂ ಕಣ್ಣು ತೆರೆದರೆ ಬಣ್ಣ ಮೋಸ ಮಾಡುತ್ತದೆ ಎಂದು ನಿಮ್ಮಜ್ಜ ಹೇಳಿದ್ದು ನೆನಪಾಯಿತು.

ಪೂನಿ


ಹೈದರಾಬಾದ್
11 ಅಕ್ಟೋಬರ್ 2024

ಗುಲ್ಲೂ,

ಇವತ್ತು ಏನು ನೋಡಿದೆ ಗೊತ್ತೇ! ಒಂದು ತಟ್ಟೆಯಲ್ಲಿ ಜೀವಕೋಶ ಜೀವಕೋಶಕ್ಕೂ ಬಳೆ, ಕಣ್ಣು ಕುಕ್ಕುವ ಹಸಿರು, ಜೂನಿನಲ್ಲಿ ಕಂಡದ್ದು ಅದರ ಮುಂದೆ ಏನೂ ಅಲ್ಲ. ಹಳೆಯ ಪರೀಕ್ಷೆ "ಇಲ್ಲ" ಎಂದು ಕೈಬಿಟ್ಟ ರಕ್ತ ಅದು. ಮೂರು ಸಲ ಮಾಡಿದೆ, ಮೂರು ಸಲವೂ ಹೊಳೆಯಿತು. ನಮ್ಮ ಪರೀಕ್ಷೆ ಕೆಲಸ ಮಾಡುತ್ತಿದೆ! ಪ್ರೊಫೆಸರು ಬಂದು ನೋಡಿ ನನ್ನ ಬೆನ್ನು ತಟ್ಟಿದರು. ಲ್ಯಾಬಿನವರೆಲ್ಲ ಕೇಕೆ ಹಾಕಿದರು. ನಾನೂ ಹಾಕಿದೆ, ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಬಂದು ಕುಳಿತೆ.

ಯಾರದು ಎಂದು ಗೊತ್ತಿಲ್ಲ. ಸಂಖ್ಯೆಯ ಪಟ್ಟಿ ಪ್ರೊಫೆಸರ ಬೀರುವಿನಲ್ಲಿದೆ, ಕೇಳುವಂತಿಲ್ಲ, ಕೇಳಲಿಲ್ಲ. ಆದರೆ ಅದು ನಿನ್ನದಾಗಿರಲಿ ಎಂದು ಬಯಸಿದೆ. ನಿನಗೆ ಏನೋ ಒಂದು ಇದೆ ಎಂಬುದು ಖಚಿತ. ಅದು ಇದೇ ಆದರೆ ತಪ್ಪು ಸೂಜಿ ತಪ್ಪುತ್ತದೆ, ಸರಿಯಾದ ಔಷಧವಿದೆ, ಕಣ್ಣು ಉಳಿಯುತ್ತದೆ. ಆದರೂ ಗೆಳತಿಗೆ ಇಂಥ ರೋಗ ಇರಲಿ ಎಂದು ಯಾರಾದರೂ ಹರಕೆ ಹೊರುತ್ತಾರೆಯೇ? ನಾವು ಬೌದ್ಧರು, ಮನೆಯಲ್ಲಿ ಹರಕೆ ಗಿರಕೆ ಇಲ್ಲವೇ ಇಲ್ಲ. ಆದರೂ ಹೊತ್ತೆ.

ಇನ್ನು ಸುದ್ದಿ ನನ್ನಿಂದ ನಿನಗೆ ಬರುವುದಿಲ್ಲ, ಭಾಗ್ಯಾ ಮೇಡಂ ಕಡೆಯಿಂದಲೇ ಬರಬೇಕು. ಬಂದ ಕೂಡಲೇ ಬರೆ. ಇಲ್ಲ, ಫೋನು ಮಾಡು. ಬೇಡ, ಬರೆ. ಫೋನಿನಲ್ಲಿ ಕೇಳುವಷ್ಟು ಧೈರ್ಯ ನನಗಿಲ್ಲ.

ಪೂನಿ


ರಾಮದುರ್ಗ
27 ಅಕ್ಟೋಬರ್ 2024

ಪೂನಿ,

ಹೊಳೆದವಳು ನಾನೇ!

ಮೇಡಂ ಕುರ್ಚಿ ಎಳೆದುಕೊಂಡು ಕುಳಿತು ಹೇಳಿದರು. ಹೈದರಾಬಾದೊಂದನ್ನೇ ನಂಬದೆ ಅದೇ ದಿನ ಮತ್ತೊಂದು ದೊಡ್ಡ ಲ್ಯಾಬಿಗೂ ರಕ್ತ ಕಳಿಸಿದ್ದರಂತೆ, ಅಲ್ಲಿಯೂ ಹಾಗೆಯೇ ಬಂತು. "ಬಿಕ್ಕಳಿಕಿ ಸುದ್ದಿ ಮೊದಲ ಹೇಳಬಾರದೇನವಾ?" ಎಂದು ಗದರಿದರು. ಸೂಜಿ ರದ್ದು. ರಕ್ತದ ತಿಳಿಯನ್ನು ಸೋಸುವ ಯಂತ್ರಕ್ಕೆ ಹಚ್ಚಿದರು, ನೂಲು ಜಾಲಾಡಿಸಿದ ಹಾಗೆ ಐದು ಸರದಿ. ಈಗ ಬೇರೆ ಔಷಧದ ಸಲೈನು, ಆರು ತಿಂಗಳಿಗೊಮ್ಮೆ ಹೋಗಬೇಕು. ಪೂರ್ತಿ ವಾಸಿಯಾಗುತ್ತದೆ ಎಂದು ಅವರು ಹೇಳಲಿಲ್ಲ. ಮತ್ತೆ ಬರದ ಹಾಗೆ ಕಾಯೋಣ ಎಂದರು. ನನಗೆ ಅಷ್ಟು ಸಾಕು. ಕಾಲಿನ ಜುಮ್ಮು ಹೋಗಿದೆ.

ಮನೆಗೆ ಬಂದು ಮೊದಲು ಡಬ್ಬಿ ತೆಗೆದೆ. ಬಲಗಣ್ಣಿಗೆ ಈಗ ಇಟ್ಟಂಗಿ ಪುಡಿ ಅಲ್ಲ. ಹೋದ ವರ್ಷದ ಮೆಣಸಿನಕಾಯಿಯ ಕೆಂಪು. ಅಬ್ಬಾನ ಕೆಂಪಿಗೆ ಇನ್ನೂ ಬಂದಿಲ್ಲ, ಬರದೆಯೂ ಇರಬಹುದು. ಅಬ್ಬಾ ಪಕ್ಕದಲ್ಲೇ ನಿಂತಿದ್ದ. "ಇನ್ನ ಮ್ಯಾಲ ಬಲಗಣ್ಣು ಮುಚ್ಚಿ ಎಡಗಣ್ಣೀಲೆ ನೋಡು. ನಮ್ಮಪ್ಪ ಹೇಳಿದ್ದು ಅವನ ಕಣ್ಣಿಗೆ" ಎಂದು ಹಂಡೆಯ ಕೆಳಗೆ ತಾನೇ ಬೆಂಕಿ ಮಾಡಿದ. ಅಜ್ಜನ ಕಾಲದ ಕಟ್ಟಳೆ ಅಷ್ಟೇ ಹೊತ್ತಿನಲ್ಲಿ ಮುಗಿಯಿತು ನೋಡು.

ಕಿತ್ತೂರಿನ ಸೀರೆ? ನಾನು ಹುಬ್ಬಳ್ಳಿಯಲ್ಲಿದ್ದಾಗ ಅಬ್ಬಾ ಬಣ್ಣ ಕಟ್ಟಿದ, ಸಾಜಿದ್ ಲಡಿ ಹಿಂಡಿದ, ಪದ್ಮವ್ವ ಗೊಣಗುತ್ತಲೇ ನೇಯ್ದಳು. ಮೆರವಣಿಗೆ ನೋಡಲು ಸಾಜಿದ್ ನನ್ನನ್ನು ಟೆಂಪೋದಲ್ಲಿ ಕರೆದೊಯ್ದ. ದಡಿಗಳು ಸಾಲಾಗಿ ಬರುತ್ತಿದ್ದರೆ ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು ಮುಚ್ಚಿ ನೋಡಿದೆ. ಯಾರೋ ಮುದುಕ, "ಈ ಹೆಣ್ಮಗಳು ಯಾರಿಗಿ ಕಣ್ಣು ಹೊಡಿಯಾಕ ಹತ್ಯಾಳ?" ಎಂದ. ಸಾಜಿದ್ ಜಗಳಕ್ಕೆ ಹೋದ, ನಾನು ನಗುತ್ತಾ ಎಳೆದುಕೊಂಡು ಬಂದೆ.

ಅಂಗಡಿಯವನ ಹತ್ತಿರ ಹೋಗಿ ಕೈಮುಗಿದು ಬಂದಿದ್ದೇನೆ. ಚಾಡಿ ಹೇಳಿದ ನಿಮ್ಮಪ್ಪನಿಗೆ ಒಂದು ಕೆಂಪು ರುಮಾಲು ಇಟ್ಟಿದ್ದೇನೆ. ನಿನಗೆ ಏನು ಕೊಡಲಿ ಎಂದು ಗೊತ್ತಾಗುತ್ತಿಲ್ಲ, ಈ ಪತ್ರಕ್ಕೆ ಎರಡು ಎಳೆ ಕೆಂಪು ನೂಲು ಸುತ್ತಿದ್ದೇನೆ. ನಾನೇ ಅದ್ದಿದ್ದು, ಎಡಗಣ್ಣಿನಿಂದ ನೋಡಿದ್ದು.

ಇನ್ನೊಂದು ಮಾತು. ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಒಂದು ಬಿಕ್ಕಳಿಕೆ ಬಂತು. ತಾಟಿನ ಮೇಲೆ ಎಲ್ಲರ ಕೈ ನಿಂತವು. ಲಾರಿ ಬಿಟ್ಟು ಮನೆಗೆ ಬಂದಿದ್ದ ಆಸೀಮ ತುತ್ತು ಹಾಗೇ ಹಿಡಿದುಕೊಂಡ. ಸಾಜಿದ್ ಟೆಂಪೋದ ಕೀಲಿಗೆ ಕೈ ಹಾಕಿದ. ಅಬ್ಬಾ ನೀರಿನ ತಂಬಿಗೆ ಹಿಡಿದು ನಿಂತ. ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಿದ್ದರು. ನಾನು ನೀರು ಕುಡಿದೆ. ಕಾದೆವು. ಎರಡನೆಯದು ಬರಲೇ ಇಲ್ಲ.

ಅಬ್ಬಾ ನಿಧಾನವಾಗಿ ಕುಳಿತು, ಕಣ್ಣು ಒರೆಸಿಕೊಂಡು, "ಉಣ್ರಿ, ಉಣ್ರಿ. ಹೈದರಾಬಾದದಾಕಿ ನೆನಸ್ಯಾಳ" ಎಂದ.

ನೆನೆಸಿದ್ದೆಯಲ್ಲ ಪೂನಿ? ನೆನೆಸಿರದಿದ್ದರೂ ಹೂಂ ಎಂದು ಬರೆ.

ನಿನ್ನ ಹಸಿರು ಬಳೆಯವಳು,
ಗುಲಫಶಾ